ಕೆಚ್ಚಲು ಬಾವು

"ಮಿದುಳಲ್ಲಿ ಬಾವಾ?" ಎಂದು ಮುನಿವೆಂಕಟಮ್ಮ ಕುರ್ಚಿಯ ತುದಿಗೆ ಸರಿದರು. ಪಕ್ಕದಲ್ಲಿ ಸೊಸೆ ಶುಭಾ ತಲೆ ತಗ್ಗಿಸಿ ಕೂತಿದ್ದಳು.

ಜೆ.ಪಿ. ನಗರದ ಆ ಕ್ಲಿನಿಕ್ಕಿನ ಮನೋವೈದ್ಯೆ ಮಧುಶ್ರೀ ನಕ್ಕರು. "ಕಣ್ಣಿಗೆ ಕಾಣೋ ಬಾವಲ್ಲಮ್ಮ. ಮಿದುಳಿನ ನರಕೋಶಗಳ ಸುತ್ತ ಗ್ಲಿಯಾ ಅಂತ ಕೋಶಗಳಿರ್ತವೆ. ನರಕೋಶಗಳನ್ನ ನೋಡ್ಕೊಳ್ಳೋದು, ಕಸ ತೆಗೆಯೋದು, ಸೋಂಕು ಬಂದ್ರೆ ಹೋರಾಡೋದು ಅವುಗಳ ಕೆಲಸ. ಕೆಲವರಲ್ಲಿ ಜ್ವರ ಬಿಟ್ಮೇಲೂ ಅವು ಸುಮ್ಮನಾಗಲ್ಲ. ಆಗ ಮನಸ್ಸು ಮಂಕಾಗುತ್ತೆ, ಯಾವುದೂ ಬೇಡ ಅನ್ಸುತ್ತೆ. ಇವ್ರಿಗೂ ಹಾಗೇ ಆಗಿದೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಅದರ ಮೇಲಿನ್ನೂ ಸಂಶೋಧನೆ ನಡೀತಿದೆ. ಆದ್ರೆ ಖಿನ್ನತೆ ಒಂದು ಕಾಯಿಲೆ. ಸೋಮಾರಿತನ ಅನ್ಬೇಡಿ."

ಮುನಿವೆಂಕಟಮ್ಮ ಸೆರಗು ಸರಿಮಾಡಿಕೊಂಡರು. ಚಿಕುನ್‌ಗುನ್ಯಾದಿಂದ ಎದ್ದ ಮೇಲೆ ಶುಭಾ ಮಾತು ಬಿಟ್ಟಿದ್ದಳು. ಸ್ನಾನಕ್ಕೂ ಏಳುತ್ತಿರಲಿಲ್ಲ. ಮಗಳು ಇಂಚರ ಮಡಿಲಿಗೆ ಬಂದರೆ ತಳ್ಳಿಬಿಡುತ್ತಿದ್ದಳು. "ಹೆತ್ತೋಳಿಗೆ ಇಷ್ಟೂ ಕರುಳಿಲ್ವಾ?" ಎಂದು ಅತ್ತೆ ಕೂಗಾಡಿದ್ದರು. ತಾನಿಲ್ಲದಿದ್ದರೇ ಮಗು ಚೆನ್ನಾಗಿರುತ್ತದೆ, ತವರಿಗೆ ಹೋಗಿಬಿಡುತ್ತೇನೆ ಎಂದು ಶುಭಾ ಗಂಡನಿಗೆ ಹೇಳಿದಾಗ, ಒಂದು ಸಲ ಡಾಕ್ಟರಿಗೆ ತೋರಿಸು ಎಂದು ರಘು ಬೇಡಿಕೊಂಡಿದ್ದ. ಅವನಿಗೆ ರಜೆ ಸಿಗದೆ ತಾಯಿ ಜೊತೆಗೆ ಬಂದಿದ್ದರು.

ಮಾತ್ರೆ ತೆಗೆದುಕೊಂಡು ಸುದ್ದಗುಂಟೆಪಾಳ್ಯಕ್ಕೆ ಆಟೊ ಹತ್ತಿದರು. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಆಟೊ ನಿಂತಿತು.

"ಗೌರಿ ಅಂತ ಒಂದು ಹಸ ಇತ್ತು ಕಣಮ್ಮ," ಎಂದರು ಮುನಿವೆಂಕಟಮ್ಮ. "ಈಗ ನಮ್ ಬಿಲ್ಡಿಂಗ್ ಐತಲ್ಲ, ಅಲ್ಲೇ ಕೊಟ್ಟಿಗೆ. ಬಲೇ ಸಾಧು. ಒಂದಿನ ಕರು ಹಾಲಿಗ್ ಬಂದ್ರೆ ಜಾಡಿಸಿ ಒದ್ದುಬಿಡ್ತು. ನಮ್ಮತ್ತೆ ಕೋಲ್ ತಗೊಂಡ್ರು. ಆಮೇಲ್ ಮುಟ್ಟಿ ನೋಡಿದ್ರೆ ಕೆಚ್ಚಲು ಕಲ್ಲಾಗಿ ಸುಡ್ತಾ ಇತ್ತು. ಕೆಚ್ಚಲು ಬಾವು. ಕರು ಮೇಲೆ ಆಸೆ ಇರಲಿಲ್ವಾ ಅದಕ್ಕೆ? ಪಾಪ, ನೋವು ತಡೀಲಾರ್ದೆ ಒದೀತಿತ್ತು."

ಶುಭಾ ಹೊರಗೆ ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ವಾಸಿ ಆಯ್ತಾ ಅತ್ತೆ?"

"ಆಯ್ತು. ದನದ ಡಾಕ್ಟ್ರು ಸೂಜಿ ಹಾಕಿದ್ರು. ನಿಧಾನ ಆಯ್ತು. ಅಲ್ಲೀಗಂಟ ಕರೂನ ನಾನೇ ನೋಡ್ಕೊಂಡೆ." ಹಸಿರು ದೀಪ ಬಿತ್ತು. ಅತ್ತೆ ಸೊಸೆಯ ಕೈ ಹಿಡಿದರು. "ನಿನ್ನ ನಾನು ಮುಟ್ಟಿ ನೋಡ್ಲಿಲ್ಲ ಕಣೆ."

ಮಾತ್ರೆ ಬೇಗ ಹಿಡಿಯಲಿಲ್ಲ. ಕೆಲವು ದಿನ ಶುಭಾ ಏಳುತ್ತಲೇ ಇರಲಿಲ್ಲ. ಅತ್ತೆ ಕಾಫಿ ತಂದಿಟ್ಟು, ಅವಳ ಮಂಚದ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತವರಿನ ಮಾತು ಮಾತ್ರ ಮತ್ತೆ ಬರಲಿಲ್ಲ.

ಒಂದು ಬೆಳಿಗ್ಗೆ ಇಂಚರ ಯೂನಿಫಾರ್ಮ್ ಹಾಕಿಕೊಂಡು ಬಂದಾಗ ಶುಭಾ ತಾನಾಗಿಯೇ ಬಾಚಣಿಗೆ ತೆಗೆದುಕೊಂಡಳು. ಒಂದು ಜಡೆ ಹೆಣೆಯುವಷ್ಟರಲ್ಲಿ ಕೈ ಸೋತಿತು. ಮುನಿವೆಂಕಟಮ್ಮ ಇನ್ನೊಂದನ್ನು ಹೆಣೆದರು.

ಒಂದು ಸಡಿಲ, ಒಂದು ಬಿಗಿ. ಎರಡೂ ಜಡೆ ಕುಣಿಸುತ್ತ ಇಂಚರ ಮೆಟ್ಟಿಲಿಳಿದು ಓಡಿದಳು.