ಜಗಲಿಯ ಹಿಂದಿನ ಗೋಡೆ

ಮತ್ತೆ ಅದೇ ವಾಸನೆ, ಊದಿನಕಡ್ಡಿಯ ಹೊಗೆಯ ಅಡಿಯಿಂದ ಹಸಿ ಗೋಣಿಚೀಲದಂಥ ವಾಸನೆ, ದೇವರ ಮುಂದೆ ನಿಂತಿದ್ದೇನೆ, ಕೈಯಲ್ಲಿ ಒರೆಸುವ ಬಟ್ಟೆ, ಇವತ್ತು ಶ್ರಾವಣ ಸೋಮವಾರ, ಅತ್ತೆ ಪತ್ರಿ ಏರಿಸಿ ಮೇಲಿನ ಮನೆಗೆ ಊಟಕ್ಕೆ ಹೋಗಿದ್ದಾರೆ, ದೊಡ್ಡ ಮಗ ಈರಣ್ಣನ ಮನೆಗೆ, ನಮ್ಮ ತಲೆಯ ಮೇಲೇ ಭಾವನವರ ಬಚ್ಚಲು — ಆ ಬಚ್ಚಲ ನೀರು ನಮ್ಮ ಗೋಡೆಯೊಳಗೆ ಇಳಿಯುತ್ತದೆ, ಗೋಡೆ ಕರ್ರಗೆ ಬೂಷ್ಟು ಹಿಡಿಯುತ್ತದೆ, ತಿಕ್ಕುತ್ತೇನೆ, ಬ್ಲೀಚಿಂಗ್ ಪುಡಿ ಹಾಕಿ ಉಗುರಿನ ಬುಡ ಸುಲಿಯುವವರೆಗೆ ತಿಕ್ಕುತ್ತೇನೆ, ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಚುಕ್ಕೆ ಚುಕ್ಕೆ. ಕೆಳಗೆ ಹಾಸಿಗೆಯಲ್ಲಿ ಮಗಳು ಚಿನ್ನು, ಮೂಗು ಕಟ್ಟಿದೆ, ಬಾಯಿ ತೆರೆದುಕೊಂಡೇ ಮಲಗಿದ್ದಾಳೆ, ಇವತ್ತೂ ಶಾಲೆಯಿಲ್ಲ, ಎದೆಯಲ್ಲಿ ಸುಂಯ್ ಸುಂಯ್. ವರದಾ, ನೀ ಸ್ವಚ್ಛ ಒರಸಂಗಿಲ್ಲ, ಅದಕ್ಕ ಬೂಷ್ಟು ಬರ್ತದ, ನಮ್ಮೂರಾಗ ಮಣ್ಣಿನ ಗ್ವಾಡಿ, ಎಂದರ ಕಂಡೀವೇನು ಇಂಥಾದ್ದು, ಅಂತಾರೆ ಅತ್ತೆ. ನಿಮ್ಮೂರಿನ ಗೋಡೆಯ ಮೇಲೆ ನಿಮ್ಮ ದೊಡ್ಡ ಮಗ ಬಚ್ಚಲು ಕಟ್ಟಿಸಿರಲಿಲ್ಲ ಅತ್ತೆ — ಅಂದೆನಾ, ಇಲ್ಲ, ಹ್ಞೂಂರಿ ಅಂದೆ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ.

ಇನ್ನು ನನ್ನ ಗಂಡ, ಸಂಜು, ಎದುರಿಗೆ ರೀ ಅನ್ನುತ್ತೇನೆ, ಇವತ್ತು ಮನಸ್ಸಿನೊಳಗೆ ಬರೀ ಅವನು, ಅಣ್ಣಗ ಹೆಂಗ ಹೇಳೂದು ನಿನ್ನ ಬಚ್ಚಲಾ ಸೋರ್ತದ ಅಂತ, ಇಲ್ಲಿ ಭೋಸರಿ ಫ್ಯಾಕ್ಟರಿಯೊಳಗ ನನಗ ಕೆಲಸಾ ಹಚ್ಚಿ ಕೊಟ್ಟಾಂವ ಅಂವಾ, ಅಂತಾನೆ. ಹಚ್ಚಿ ಕೊಟ್ಟರು, ಅದಕ್ಕೆ ಬದಲಾಗಿ ನನ್ನ ಮಗಳ ಎದೆ ಕೊಡಬೇಕಾ? ಪ್ಲಂಬರ್ ಬಾಬು ಬಂದು ಗೋಡೆ ತಟ್ಟಿ, ವಹಿನಿ, ಭಿಂತ ಫೋಡಾವೀ ಲಾಗೇಲ್, ಅಂತ ಮರಾಠಿಯಲ್ಲಿ ಅಂದ, ಗ್ವಾಡಿ ಒಡೀಬೇಕಂತ್ರಿ ಅಂತ ಸಂಜುಗೆ ಹೇಳಿದೆ, ಕೇಳಿಸಿಕೊಂಡ ಮಹಾರಾಯ ಏನು ಮಾಡಿದ, ಬಿಳಿ ಬಣ್ಣ ಹೊಡೆದು, ಅಡುಗೆಮನೆಯಲ್ಲಿದ್ದ ದೇವರ ಜಗಲಿಯನ್ನು ಹೊತ್ತು ತಂದು ಅದೇ ಗೋಡೆಗೆ ಕೂಡಿಸಿದ, ಮೇಲೆ ಸಾಲಾಗಿ ಮೊಳೆ ಹೊಡೆದು ಬಸವಣ್ಣನ ಫೋಟೋ, ಗುರುಗಳ ಫೋಟೋ, ತೀರಿಹೋದ ಮಾವನವರ ಫೋಟೋ, ನೋಡೀಗ, ಕಾಣತದೇನು, ಭಾಳ ಚಂದ ಆತು. ಬೂಷ್ಟು ಕಾಯಲು ದೇವರನ್ನು ಇಟ್ಟ ಗಂಡಸು! ಶ್ರಾವಣ ಹಿಡೀತು, ಇನ್ನ ಜಗಲಿ ಅಲ್ಲಾಡಸಬಾರದು, ಅಂತ ಅತ್ತೆ, ನಾವಿರುವ ಈ ನಿಗಡಿಯ ಮಳೆಯೆಲ್ಲ ಸುರಿಯುವುದು ಇದೇ ದಿನಗಳಲ್ಲಿ. ಅಲ್ಲಿಗೂ ಮುಗಿಯಲಿಲ್ಲ — ದೇವರ ಕಡೆ ಕಾಲು ಚಾಚಬಾರದಲ್ಲ, ಮೊದಲು ಚಿನ್ನು ಆ ಗೋಡೆಗೆ ಕಾಲು ಮಾಡಿ ಮಲಗುತ್ತಿದ್ದಳು, ಅತ್ತೆ ಹಾಸಿಗೆಯನ್ನೇ ತಿರುಗಿಸಿದರು, ಈ ಕಡೆ ತಲಿ ಮಾಡವ್ವ ನನ ಬಂಗಾರ, ದೇವರ ಬುಡಕ ಮಕ್ಕೊಂಡ್ರ ಕೆಟ್ಟ ಕನಸ ಬೀಳಂಗಿಲ್ಲ, ಈಗ ಅವಳ ತಲೆ ಗೋಡೆಗೆ, ಉಸಿರು ಗೋಡೆಗೆ, ತೆರೆದ ಬಾಯಿ ಗೋಡೆಗೆ. ಘರಾತ್ ಓಲ್ ಆಹೇ ಕಾ, ಮನೆಯಲ್ಲಿ ಹಸಿ ಇದೆಯಾ ಅಂತ ಡಾಕ್ಟರು ಕೇಳಿದರೆ, ನಾಹೀ ನಾಹೀ, ಅಂದ ಸಂಜು, ನಕ್ಕೋತ, ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು.

ಮೇಲೆ ನೀರು ಸುರಿದ ಸದ್ದು, ಊಟ ಮುಗಿದಿರಬೇಕು, ಭಾವ ಕೈಕಾಲು ತೊಳೆಯುತ್ತಿರಬೇಕು, ಗೋಡೆಯೊಳಗೆ ಗುಳುಗುಳು. ಸಾಕು. ಹಿರಿಯ ಮಗನ ಮನೆಯಲ್ಲವೇ, ದೇವರು ಅಲ್ಲೇ ಇರಲಿ, ಶ್ರಾವಣದಲ್ಲಿ ಬಾಗಿಲಿಗೆ ಬಂದ ದೇವರನ್ನು ಹೇಗೆ ಒಲ್ಲೆ ಅನ್ನುತ್ತಾರೋ ನೋಡೇಬಿಡುತ್ತೇನೆ, ಸೆರಗಿನಲ್ಲಿ ಹೊತ್ತು ಮೆಟ್ಟಿಲು ಹತ್ತುತ್ತೇನೆ, ತೊಗೋರಿ ಭಾವಾರ, ಗ್ವಾಡಿ ಒಡದು ಆರೂತನಕ ನಿಮ್ಮಲ್ಲೇ ಇರ್ಲಿ, ನಿಮ್ಮ ಬಚ್ಚಲಾ ಸೋರ್ತದ, ಅತ್ತೆ ಕೂಗಲಿ, ಸಂಜು ಓಡಿ ಬರಲಿ, ಬಾಬು ಸುತ್ತಿಗೆ ತರಲಿ. ಮೊದಲು ಮಾವನವರ ಫೋಟೋ, ತಪ್ಪು ತಿಳೀಬ್ಯಾಡ್ರಿ ಮಾವಾರ, ಚೌಕಟ್ಟು ತಣ್ಣಗಿದೆ, ಅಂಟುತ್ತದೆ, ಮೊಳೆಯಿಂದ ಬಿಡಿಸಿದೆ, ಹಿಂದೆ ಬಣ್ಣ ಉಬ್ಬಿ ಬಿರಿದಿದೆ, ನಡುವೆ ಕಪ್ಪು, ಒದ್ದೆ, ಗುಂಡಗೆ, ಅದರದೊಂದು ಚೂರು ಕಳಚಿ ಕೆಳಗೆ ಬಿತ್ತು, ದಿಂಬಿನ ಮೇಲೆ, ತುಟಿಯ ಪಕ್ಕ, ತೆರೆದ ಬಾಯಿ, ಚಿನ್ನುವಿನ ತೆರೆದ ಬಾಯಿ — ತೆರೆದ ಬಾಯಿ —