ಲಗಮಪ್ಪನಿಗೆ ಒಂದು ಜಾಗ

"ಎಲ್ಲಿ ಹಾಕ್ಲಿ ಕಾಕಾ?" ಎಂದು ಗೌತಮ ಗುದ್ದಲಿ ಎತ್ತಿದವನು ಎತ್ತಿದಂತೆಯೇ ನಿಂತ.

ಮಲಕಾಜಪ್ಪ ಕಾಕಾ ಕೋಲಿನಿಂದ ನೆಲ ತಟ್ಟುತ್ತ ನಾಲ್ಕು ಹೆಜ್ಜೆ ಹೋದ, ತಿರುಗಿ ಬಂದ. "ಅಲ್ಲಿ ಬ್ಯಾಡ, ನಿಮ್ಮ ಆಯಿ ಅದಾಳ, ನಿಮ್ಮಪ್ಪನ ಅವ್ವ. ಇತ್ಲಾಗ ನನ್ನ ತಮ್ಮ. ಅದರ ಆಚಿಗೆ ಶಿವಲಿಂಗನ ಹೆಣ್ತಿ."

ಕೇರಿಯ ಹಿರಿಯ ಅವನು, ಯಾರನ್ನು ಎಲ್ಲಿ ಇಟ್ಟಿದ್ದಾರೆಂದು ಬಲ್ಲವನು. ಅವನಿಗಿಂತ ಚೆನ್ನಾಗಿ ಬಲ್ಲವನೆಂದರೆ ಲಗಮಪ್ಪ. ಅವನನ್ನೇ ಕೇಳೋಣವೆಂದರೆ ಅವನು ಮನೆಯ ಕಟ್ಟೆಯ ಮೇಲೆ, ಗೋಡೆಗೆ ಒರಗಿ, ಕೊರಳ ತುಂಬ ಹಾರ ಹಾಕಿಸಿಕೊಂಡು ಕುಳಿತಿದ್ದ. ನಿನ್ನೆ ಸಂಜೆ ಎಮ್ಮೆಗೆ ಮೇವು ಹಾಕಿ ಬಂದು ಚಹಾ ಕೇಳಿದವನು ಚಹಾ ಕುದಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮಗಳು ರೇಣು ಒಂದು ಬೇವಿನ ಗಿಡದ ಪಕ್ಕ ನಿಂತಿದ್ದಳು. ಅವಳಿಗೆ ಅಳು ಬಂದಿರಲಿಲ್ಲ. ಬೆಳಿಗ್ಗೆ ಸಂಪಗಾಂವದ ಅತ್ತೆ ತಬ್ಬಿಕೊಂಡು ಅತ್ತಾಗಲೂ ಅವಳು ಅತ್ತೆಯ ಬೆನ್ನ ಮೇಲಿನ ಕುಪ್ಪಸದ ಹೊಲಿಗೆ ಬಿಟ್ಟಿರುವುದನ್ನು ನೋಡುತ್ತಿದ್ದಳು. ಈಗಲೂ ಅಷ್ಟೇ. ಮೈಯೆಲ್ಲ ಜೋಮು ಹಿಡಿದಂತಿತ್ತು, ಕಣ್ಣು ಮಾತ್ರ ಸುಮ್ಮನೆ ಗಿಡಗಳನ್ನು ಎಣಿಸುತ್ತಿತ್ತು. ಅರವತ್ತನಾಲ್ಕು. ಎಣಿಸುವ ಕೆಲಸವೇ ಅವಳದು, ಪಂಚಾಯತಿಯಲ್ಲಿ.

"ಬೇಲಿ ದಂಡಿಗೆ?" ಎಂದ ಗೌತಮ. ಅವನು ಅವಳ ತಮ್ಮ.

"ಹೋದ ವರ್ಷ ಇಬ್ಬರನ್ನ ಅಲ್ಲೇ ಇಟ್ಟೇವಲ್ಲೋ. ಮುಗೀತು ಅದು."

ಮಣ್ಣಾದವರ ಮೇಲೆ ಮತ್ತೊಬ್ಬರನ್ನು ಇಡುವ ರೂಢಿ ಈ ಕೇರಿಯಲ್ಲಿಲ್ಲ. ಖಾಲಿ ಇದ್ದಲ್ಲೆಲ್ಲ ಗಿಡ, ಗಿಡ ಇಲ್ಲದಲ್ಲೆಲ್ಲ ಹೆಣ. ಅರ್ಧ ಎಕರೆ ಮಸಣದಲ್ಲಿ ಒಬ್ಬ ಸತ್ತ ಮನುಷ್ಯನಿಗೆ ಆರಡಿ ನೆಲ ಉಳಿದಿರಲಿಲ್ಲ. ಗಿಡ ಹಚ್ಚಿದವನು ಆ ಸತ್ತ ಮನುಷ್ಯನೇ.

*

ಎರಡೂವರೆ ವರ್ಷದ ಹಿಂದೆ ಸಸಿ ಹಚ್ಚುವ ಅನುದಾನ ಬಂತು. ಊರಿಗೊಂದು ಸಾಮೂಹಿಕ ಜಾಗ ತೋರಿಸಿರಿ ಎಂದರು. ಊರವರು ದನ ಮೇಯಿಸುವ ತಮ್ಮ ಗಾಯರಾಣ ಬಿಟ್ಟುಕೊಡಲಿಲ್ಲ, ಗುಡಿಯ ಹಿತ್ತಲನ್ನೂ ಬಿಟ್ಟುಕೊಡಲಿಲ್ಲ. ದೇಗಾಂವದ ದಾರಿಯ ಮೇಲೆ ಕೇರಿಯವರದೊಂದು ಬಯಲಿದೆಯಲ್ಲ, ಅದನ್ನು ತೋರಿಸಿದರು. ದೊಡ್ಡ ಮನಸ್ಸು ನೋಡಿ.

ಜಾಗದ ವಿವರ ಮೊಬೈಲಿನಲ್ಲಿ ತುಂಬುವ ಕೆಲಸ ರೇಣುವಿನ ಪಾಲಿಗೆ ಬಂತು. 'ಜಾಗದ ಈಗಿನ ಬಳಕೆ' ಎಂಬಲ್ಲಿ ಶಾಲೆ ಅಂಗಳ, ರಸ್ತೆ ಬದಿ, ಕೆರೆ ದಂಡೆ, ಖಾಲಿ ಎಂದು ನಾಲ್ಕೇ ಇದ್ದವು. ಕೇರಿಯವರ ಕುಣಿಗಳ ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಒಂದು ಮಳೆಗಾಲ ಕಳೆದರೆ ಮಣ್ಣಿನ ಉಬ್ಬೂ ಉಳಿಯುವುದಿಲ್ಲ. ಅವಳ ಬೆರಳು 'ಖಾಲಿ' ಎಂಬುದರ ಮೇಲೆ ಹೋಗಿ ನಿಂತಿತು.

"ಏನವಾ, ಯಾಕ ನಿಂತಿ?" ಎಂದ ಅಪ್ಪ.

"ಇಲ್ಲಿ ಖಾಲಿ ಅಂತ ಬರೀಬೇಕಾಗತೈತಪಾ."

ಲಗಮಪ್ಪ ಬಯಲನ್ನು ಒಮ್ಮೆ ಕಣ್ಣಾಡಿಸಿ ನೋಡಿದ. "ಬರಿ. ಬಾಜೂ ಹೊಲದಾಂವ ವರ್ಷಾ ಎರಡೆರಡು ಸಾಲು ಒತ್ತಿ ಉಳತಾನ. ಗಿಡಾ ನಿಂತ್ವು ಅಂದ್ರ ಅವನ ನೇಗಿಲ ನಿಲ್ಲತೈತಿ. ನಮ್ಮ ಹಿರೇರಿಗೂ ಒಂದಿಷ್ಟು ನೆರಳಾಗತೈತಿ."

"ಮುಂದ ಯಾರರೆ ಸತ್ರ?"

"ಸಾಯೂದಕ್ಕ ಏನ್ ಗಡಿಬಿಡಿ ಐತಿ?" ಎಂದು ನಕ್ಕ ಅವನು. ಅವಳೂ ನಕ್ಕು ಬೆರಳೊತ್ತಿದಳು.

*

"ಒಂದು ಗಿಡ ಕೀಳೂದ ಅದಕ್ಕ ದಾರಿ," ಎಂದ ಮಲಕಾಜಪ್ಪ. ನೆರೆದ ಹತ್ತಿಪ್ಪತ್ತು ಗಂಡಸರು ರೇಣುವಿನ ಕಡೆ ನೋಡಿದರು.

ನಾಳೆಯೇ ಗಿಡಗಳ ಸರ್ವೆ. ಸತ್ತ ಸಸಿಗೆ ಬದಲಿ ಸಸಿ ಹಚ್ಚಲಿಕ್ಕೂ ಸರಕಾರವೇ ಅನುದಾನ ಕೊಟ್ಟದ್ದರಿಂದ ಒಂದೂ ಕಡಿಮೆ ಇರುವಂತಿಲ್ಲ. ಅರವತ್ತನಾಲ್ಕೂ ಇದ್ದರೆ ಕೊನೆಯ ಕಂತು ಬರುತ್ತದೆ. ಅದರಲ್ಲಿ ಮಸಣಕ್ಕೆ ತಂತಿಬೇಲಿ, ಗಿಡಗಳಿಗೆ ಬೋರು, ಆ ಬೋರಿನ ಒಂದು ನಳ ಕೇರಿಗೆ. ಕೇರಿಯ ಹೆಂಗಸರು ಇವತ್ತಿಗೂ ಹಳ್ಳದಾಚೆಯಿಂದ ಕೊಡ ಹೊರುತ್ತಾರೆ.

ರೇಣು ಪಂಚಾಯತಿ ಅಧಿಕಾರಿ ಗೌರೀಶನಿಗೆ ಫೋನು ಹಚ್ಚಿದಳು.

"ಆಗಬಾರದ್ದಾತು ರೇಣು. ಲಗಮಪ್ಪ ಭಾಳ ಛಲೋ ಮನಷ್ಯಾ," ಎಂದ ಅವನು.

"ಹೌದ್ರಿ ಸರ್. ಒಂದ್ ಗಿಡಾ ತಗೀಬೇಕಾಗೇತ್ರಿ. ಅಪ್ಪಗ ಜಾಗಾ ಇಲ್ರಿ."

"ಬ್ಯಾಡ ಅನ್ನಾಕ ನಾ ಯಾವನವಾ. ಒಂದ್ ಕೆಲಸಾ ಮಾಡ್ರಿ. ಬೇರು ಹರಿಯಲಾರದಂಗ ಮಣ್ಣ ಸಮೇತ ತಗೀರಿ. ಮಣ್ಣ ಮಾಡಿದ ಮ್ಯಾಲ ಗಿಡಾ ಅಲ್ಲೇ ಹಚ್ರಿ. ಸಂಜಿ ಒಳಗ ಒಂದ್ ಫೋಟೋ ಹಾಕು. ಅರವತ್ತನಾಕು ಇದ್ದಂಗ ಇರತಾವ."

"ಆತ್ರಿ," ಎಂದಳು ರೇಣು. ಅಪ್ಪನ ಎದೆಯ ಮೇಲೆ ಗಿಡ ಹಚ್ಚುವ ಮಾತಿಗೆ ತಾನು ಇಷ್ಟು ಸಲೀಸಾಗಿ ಹೂಂ ಅಂದೆನಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿತು ಅಷ್ಟೇ, ನೋಯಲಿಲ್ಲ.

ಮೂಲೆಯ ಸಾಲಿನ ಹೊಂಗೆಯೊಂದನ್ನು ಆರಿಸಿ ಗೌತಮ ಸುತ್ತಲೂ ಅಗೆಯತೊಡಗಿದ.

*

ಆರು ತಿಂಗಳಿಗೊಮ್ಮೆ ಪ್ರತಿ ಗಿಡದ ಫೋಟೋ ಹಾಕಬೇಕಿತ್ತು. ರೇಣು ಮೊಬೈಲು ಹಿಡಿದು ಮುಂದೆ, ಅಪ್ಪ ಕೊಡ ಹೊತ್ತು ಹಿಂದೆ. ಅವಳಿಗೆ ನಂಬರು ಬೇಕು, ಅವನು ಹೇಳುವುದು ಹೆಸರು.

"ಇದು ನಿಮ್ಮ ಆಯಿ ತಲಿ ಕಡೆ ಗಿಡಾ. ಛಂದಂಗ ತಗಿ, ಆಕಿಗೆ ಫೋಟೋ ಅಂದ್ರ ಹುಚ್ಚು."

"ನಂಬರ್ ಹೇಳಪಾ."

"ಇಪ್ಪತ್ತೊಂದ. ಇದು ಶಿವಲಿಂಗನ ಹೆಣ್ತಿ ಕಾಲ ಕಡೆ ಗಿಡಾ. ಆಕಿ ಬಸರಿ ಇದ್ದಾಗ ಸತ್ಲು. ಇಲ್ಲಿ ಎರಡು ಸಲ ಸಸಿ ಒಣಗಿತು, ಎರಡು ಸಲ ಬದಲಿ ಹಚ್ಚೇನಿ. ಈಗ ಹಿಡದೈತಿ."

ಸರಕಾರದವರು ಎರಡಡಿ ಗುಂಡಿ ಎಂದರೆ ಅವನು ಮೂರಡಿ ತೋಡುತ್ತಿದ್ದ. ಕೆರೆಯ ಹೂಳು ತಂದು ತುಂಬಿ, ಬುಡವನ್ನು ಕಾಲಿನಿಂದ ಮೆಟ್ಟಿ ಮೆಟ್ಟಿ ಬಿಗಿ ಮಾಡುತ್ತಿದ್ದ. ಕೂಲಿ ಮೂರು ತಿಂಗಳು ತಡವಾಗಿ ಬಂದರೂ ನೀರು ಒಂದು ದಿನ ತಪ್ಪಲಿಲ್ಲ. ಕೇರಿಯವರು ಅವನನ್ನು ಕಾಡುತ್ತಿದ್ದರು: ಬದುಕಿದವರಿಗೆ ಕುಡಿಯಾಕ ನೀರಿಲ್ಲ, ಲಗಮಪ್ಪ ಸತ್ತವರಿಗೆ ಉಣಿಸಾಕ ಹತ್ತ್ಯಾನ.

*

ಇಳಿಹೊತ್ತಿಗೆ ಲಗಮಪ್ಪನನ್ನು ತಂದರು. ಬಡಿಯುತ್ತಿದ್ದ ಹಲಗಿ ನಿಂತಿತು. ಕುಣಿಯ ಗೋಡೆಗಳಲ್ಲಿ ಪಕ್ಕದ ಗಿಡದ ಬೇರುಗಳು ಕಡಿದಲ್ಲೆಲ್ಲ ಹಸಿಯಾಗಿ ಹೊಳೆಯುತ್ತಿದ್ದವು. ಅವನನ್ನು ಇಳಿಸಿ, ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ರೇಣು ಹಾಕಿದಳು, ಕೈ ಒರೆಸಿಕೊಂಡಳು. ಗೌತಮ ಸಲಿಕೆಯಿಂದ ಕುಣಿ ಮುಚ್ಚಿದ.

ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹೊಂಗೆಯನ್ನು ಇಬ್ಬರು ಎತ್ತಿ ತಂದು ಮಣ್ಣಿನ ಮೇಲೆ ನಿಲ್ಲಿಸಿದರು. ಸಂಪಗಾಂವದ ಅತ್ತೆ ಮುಖ ತಿರುಗಿಸಿದಳು. ಮಲಕಾಜಪ್ಪ ಮಣ್ಣು ಸರಿಸಿ ಬುಡ ಮುಚ್ಚಿದ. "ಫೋಟೋ ತಗಿಯವಾ, ಬೆಳಕು ಹೋಗತೈತಿ."

ರೇಣು ಮೊಬೈಲು ಎತ್ತಿದಳು. ಚೌಕಟ್ಟಿನಲ್ಲಿ ಗಿಡ ಇತ್ತು, ಮಣ್ಣಿತ್ತು, ಅದರ ಹಿಂದೆ ನಡೆದುಹೋಗುತ್ತಿದ್ದ ಅವ್ವ ಇದ್ದಳು.

ಕೃಷ್ಣವ್ವ ಗಂಡನ ಕುಣಿ ಬಳಸಿಕೊಂಡು ಪಕ್ಕದ ಬೇವಿನ ಗಿಡದ ಹತ್ತಿರ ಹೋದಳು. ಅದು ಅವಳಿಗಿಂತ ಎತ್ತರವಿತ್ತು. ಮಂಡಿಯೂರಿ ಕುಳಿತು, ಬುಡಕ್ಕೆ ಎರಡೂ ಕೈ ಹಾಕಿ ಜಗ್ಗಿದಳು.

"ಅವ್ವಾ, ಏನ್ ಮಾಡಾಕ ಹತ್ತಿ?" ಎಂದ ಗೌತಮ.

"ಇದನ್ನ ಕೀಳಬೇಕು. ಇದು ನನಗ."

"ಕೃಷ್ಣವ್ವ, ಸರ್ವೆ ಆಗಲಿ ತಡಿ," ಎಂದ ಮಲಕಾಜಪ್ಪ. "ಒಂದು ಕಡಿಮಿ ಆದ್ರ ಬೋರೂ ಹೋತು, ನಳಾನೂ ಹೋತು."

"ಸರ್ವೆ ಆದ ಮ್ಯಾಲ ಯಾರು ಕೀಳಾಕ ಕೊಡ್ತಾರ ಮಾವಾ? ಆಗ ಅವು ಸರಕಾರದ ಗಿಡಾ." ಅವಳ ದನಿ ಏರಲಿಲ್ಲ. "ನೀರು ಇಷ್ಟು ದಿನಾ ಹೊತ್ತೇನಿ, ಇನ್ನೂ ಹೊರ್ತೇನಿ. ಸತ್ತ ದಿನಾ ನನ್ನ ಮಕ್ಕಳು ಗುದ್ದಲಿ ಹಿಡಕೊಂಡು ಎಲ್ಲಿ ಎಲ್ಲಿ ಅಂತ ಕೇಳಬಾರದು. ಇವರ ಬಾಜೂಕ ನನಗ ಜಾಗಾ ಬೇಕು."

ಅವಳು ಮತ್ತೆ ಜಗ್ಗಿದಳು. ಹೆಂಗಸರಲ್ಲಿ ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ನಳ ಹೋದರೆ ಕೊಡ ಹೊರಬೇಕಾದವರು ಅವರೇ.

ರೇಣುವಿನ ಕೈಯಲ್ಲಿ ಮೊಬೈಲು ಇನ್ನೂ ಎತ್ತಿದಂತೆಯೇ ಇತ್ತು. ಬೆರಳೊತ್ತಿದರೆ ಸಾಕಾಗಿತ್ತು. ಅವಳು ಅದನ್ನು ಗೌತಮನ ಕೈಗೆ ಕೊಟ್ಟು, ಅವ್ವನ ಎದುರಿಗೆ ಮಂಡಿಯೂರಿ ಕುಳಿತು, ಅವ್ವನ ಕೈಗಳ ಕೆಳಗೆ ತನ್ನ ಕೈ ಹಾಕಿ ಹಿಡಿದಳು. ತೊಗಟೆ ಅಂಗೈಗೆ ಒತ್ತಿತು. ಇಬ್ಬರೂ ಕೂಡಿ ಜಗ್ಗಿದರು. ತುದಿಯ ಎಲೆಗಳೆಲ್ಲ ಅಲುಗಾಡಿದವು, ಬುಡ ಮಿಸುಕಲಿಲ್ಲ.

ಕೃಷ್ಣವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನೊಮ್ಮೆ," ಎಂದಳು.