ಸುಳ್ಳು ಕೌದಿಯ ಉಡಿ

೧೯೭೮ರಲ್ಲಿ ಠಾಣೆ ಪಟ್ಟಣದ ಕನ್ನಡ ಸಂಘದ ಕೆಲವರಿಗೆ ಒಂದು ಹುಚ್ಚು ಹಿಡಿಯಿತು. ಊರಿಗೆ ಮೊದಲ ರೈಲು ಬಂದು ನೂರ ಇಪ್ಪತ್ತೈದು ವರ್ಷವಾಯಿತಲ್ಲ, ಅಂದಿನ ಪ್ರಯಾಣಿಕರ ವೇಷ ತೊಟ್ಟು, ಅವರ ಗಂಟುಮೂಟೆ ಹೊತ್ತು, ಆ ದಿನವನ್ನು ಮತ್ತೆ ಆಡಿ ತೋರಿಸಬೇಕು! ದಿನಾ ಲೋಕಲಿನ ಬಾಗಿಲಿಗೆ ಜೋತುಬೀಳುವವರಿಗೆ ರೈಲಿನ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತೋ ದೇವರೇ ಬಲ್ಲ. ಒಬ್ಬರು ಆ ಕಾಲದ ನಶ್ಯದ ಡಬ್ಬಿಗಳನ್ನು ತಗಡಿನಲ್ಲಿ ಮಾಡಿಸಿದರು. ಇನ್ನೊಬ್ಬರು ಹಳೆಯ ಅಕ್ಷರದಲ್ಲಿ ಸಾಬೂನಿನ ಸುತ್ತುಕಾಗದ ಅಚ್ಚು ಹಾಕಿಸಿದರು. ಹಾಸಿಗೆ ಹೊದಿಕೆಯ ಪಾಲು ಉಡುಪಿ ಕಡೆಯ ಹೃಷೀಕೇಶ ರಾಯರ ತಲೆಗೆ ಬಿತ್ತು.

ರಾಯರು ಡೊಂಬಿವಲಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಬಿಜಾಪುರದ ಮರಗಮ್ಮ ಮಧ್ಯಾಹ್ನ ಅಡ್ಡಾಗಲು ಹಾಸುತ್ತಿದ್ದ ಕೌದಿಯನ್ನು ಅವರು ನೋಡಿದ್ದರು.

“ನಮಗೂ ಇಂಥದ್ದೊಂದು ಹೊಲಿದು ಕೊಡಿ ಮರಗಮ್ಮ. ಟೆರಿಲೀನ್ ಗಿರಿಲೀನ್ ಎಂತದೂ ಬೇಡ, ಕೈಮಗ್ಗದ ಹತ್ತಿಬಟ್ಟೆ ಮಾತ್ರ. ಆಟ ಮುಗಿದ ಮೇಲೆ ಸಂಘದಲ್ಲಿ ಗಾಜಿನ ಕಪಾಟಿನೊಳಗೆ ಇಡ್ತೇವೆ. ಹಾಳಾಗ್ಲಿಕ್ಕೆ ಬಿಡುವುದಿಲ್ಲ.”

ಆ ಕೊನೆಯ ಮಾತು ಮರಗಮ್ಮನ ಎದೆಗೆ ನಾಟಿತು. ಅವಳ ಮಗಳು ಸಾಬವ್ವ, ಮಡಿಲಿಗೆ ಉಡಕ್ಕಿ ಹಾಕಿ ಮದುವೆ ನಿಶ್ಚಯ ಮಾಡಲು ಗಂಡಿನವರು ಇನ್ನೇನು ಬರಬೇಕು ಅನ್ನುವಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು. ಉಳಿದದ್ದು ಅವಳು ಉಡುತ್ತಿದ್ದ ದಾಳಿಂಬರ ಬಣ್ಣದ ಲಂಗ, ಒಂದು ಕೈಮಗ್ಗದ ಪರಕರ. ಕಲ್ಯಾಣದ ಉಪ್ಪುನೀರಿನ ಖಾಡಿಯ ದಂಡೆಯ ಜೋಪಡಿಯಲ್ಲಿ ಮಳೆಗಾಲ ಬಂತೆಂದರೆ ಟ್ರಂಕಿನೊಳಗೂ ನೀರು. ಹೋದ ವರ್ಷವೇ ಪರಕರದ ಅಂಚಿಗೆ ಬೂಸ್ಟು ಹತ್ತಿತ್ತು. ಇನ್ನೊಂದು ಮಳೆಗಾಲ ಅದು ತಡೆಯಲಾರದು. ಗಾಜಿನ ಕಪಾಟಿನಲ್ಲಾದರೆ ಮಗಳ ಬಟ್ಟೆ ತನ್ನ ಕಾಲದ ನಂತರವೂ ಉಳಿದೀತು ಎಂದು ಆ ತಾಯಿ ಲೆಕ್ಕ ಹಾಕಿದಳು. ಪರಕರವನ್ನು ಕತ್ತರಿಸಿದಳು. ಅದನ್ನು ಕೌದಿಯ ನಟ್ಟನಡುವೆ ಇಟ್ಟು, ಸುತ್ತ ತನ್ನ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದಳು.

ಹೊದೆಯುವ ಕೌದಿ ಬರಿದಾಗಿರಬಾರದೆಂದು ಅದರ ಉಡಿ ತುಂಬಿ ಬಾಯಿ ಹೊಲಿಯುವುದು ಅವರ ಕಡೆಯ ರೂಢಿ. ಕೊನೆಯ ಹೊಲಿಗೆಗೆ ಮೊದಲು ಅವಳು ಅಕ್ಕಿ, ಬೆಲ್ಲದ ಚೂರು, ಕೊಬ್ಬರಿ ತಂದಿಟ್ಟುಕೊಂಡದ್ದನ್ನು ಗಂಡ ಜಟ್ಟೆಪ್ಪ ನೋಡಿದ.

“ಇದು ನಾಟಕದ ಸುಳ್ಳ ಕೌದಿ. ಯಾರೂ ಹೊದ್ದು ಮಲಗೂದಿಲ್ಲ. ಇದಕ್ಯಾಕ ಉಡಿ ತುಂಬತಿ?”

“ಕೌದಿ ಸುಳ್ಳಿರಬಹುದು, ನಡುವ ಇರಾಕಿ ಸುಳ್ಳೇನು? ಒಮ್ಮಿನೂ ಉಡಿ ತುಂಬಿಸಿಕೊಳ್ಳಲಿಲ್ಲ ನನ್ನ ಕೂಸು. ಬರೇ ಉಡೀಲೆ ಹ್ಯಾಂಗ ಕಳಸಲಿ?”

ದಾಳಿಂಬರ ಬಣ್ಣದ ಕೆಳಗೆ ಎಲ್ಲವನ್ನೂ ಇಟ್ಟು ಮರಗಮ್ಮ ಬಾಯಿ ಹೊಲಿದಳು.

ಏಪ್ರಿಲಿನ ಆಟದ ದಿನ ಅವಳು ಕೂಲಿ ಬಿಟ್ಟು ಠಾಣೆಗೆ ಹೋಗಿ ಜನರ ಹಿಂದೆ ನಿಂತಳು. ಪಗಡಿ ಕಟ್ಟಿದ ಗುಮಾಸ್ತನೊಬ್ಬ ಕೌದಿಯನ್ನು ಹೆಗಲಿಗೇರಿಸಿಕೊಂಡು ರಟ್ಟಿನ ರೈಲು ಹತ್ತಿದ. ಜನ ಚಪ್ಪಾಳೆ ತಟ್ಟಿದರು. ಮಗಳು ಸತ್ತ ಮೇಲೆ ಮರಗಮ್ಮ ನಕ್ಕದ್ದು ಅಂದೇ.

ಗಾಜಿನ ಕಪಾಟು ಮಾತ್ರ ಬಡಗಿಯ ಮನೆ ಬಿಟ್ಟು ಕದಲಲಿಲ್ಲ. ದೊಡ್ಡವರ ಉತ್ಸಾಹವೇ ಹಾಗೆ, ಚಪ್ಪಾಳೆ ನಿಂತರೆ ಅದೂ ನಿಲ್ಲುತ್ತದೆ. ಸಾಮಾನೆಲ್ಲ ಸಂಘದ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಮಳೆಗಾಲ ಕಳೆದ ಮೇಲೆ ರಾಯರು ಕೌದಿ ತುಂಬಿದ ಚೀಲ ಹಿಡಿದು ಜೋಪಡಿಗೆ ಬಂದರು. ಕೆಟ್ಟವರಲ್ಲ, ಮುಖ ಸಣ್ಣದಾಗಿತ್ತು.

“ಕಪಾಟು ತಡವಾದದ್ದು ನಮ್ಮದೇ ತಪ್ಪು. ಇಲಿ ಕಡಿದು ಹಾಕಿದೆ ಮರಗಮ್ಮ. ಅಲ್ಲ ಮಾರಾಯ್ತಿ, ಇದರೊಳಗೆ ಅಕ್ಕಿ ಬೆಲ್ಲ ಯಾರು ಇಟ್ಟದ್ದು? ಅದರ ವಾಸನೆಗೇ ಬಂದದ್ದು ಅವು. ಇರಲಿ, ಸುತ್ತ ಎಲ್ಲ ಚಂದವೇ ಉಂಟು. ನಡುವಿಗೊಂದು ಬೇರೆ ಬಟ್ಟೆ ಕೊಟ್ಟರೆ ಸರಿಯಾಗ್ತದೆ.”

ಮರಗಮ್ಮ ಕೌದಿಯನ್ನು ನೆಲಕ್ಕೆ ಹಾಸಿದಳು. ಅವಳ ಹಳೆಯ ಸೀರೆಗಳ ಒಂದೆಳೆಯೂ ಕೆಟ್ಟಿರಲಿಲ್ಲ. ನಡುವೆ ತೂತು. ಆ ತೂತಿನೊಳಗಿಂದ ಜೋಪಡಿಯ ಮಣ್ಣು ಕಾಣುತ್ತಿತ್ತು. ದಾಳಿಂಬರ ಬಣ್ಣದ ನೂಲು ಸಿಕ್ಕೀತೇನೋ ಎಂದು ಅವಳು ಅಂಚಿನ ಸುತ್ತ ಬೆರಳಾಡಿಸಿದಳು. ಏನೂ ಇರಲಿಲ್ಲ.

“ನಾನ ಇಟ್ಟಿದ್ದೆರೀ ಸಾಹೇಬ್ರ,” ಅಂದಳು. “ಹಸ್ತಿರತಾಳ ಅಂತ ಮಗಳಿಗೆ ಇಟ್ಟಿದ್ದೆ.”

ರಾಯರು ಅರ್ಥವಾಗದೆ ಜಟ್ಟೆಪ್ಪನ ಮುಖ ನೋಡಿದರು. ಉಡಿ ಯಾಕೆಂದು ಅಂದು ಕೇಳಿದ್ದವನು ಅವನೇ. ಅವನು ಅದನ್ನು ಆಡಲಿಲ್ಲ. ಹೆಂಡತಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು, ಪರರ ಎದುರು ಬಾಯಿಬಿಟ್ಟು ಅತ್ತುಬಿಟ್ಟ.